ಕರುಳಿನ ಕ್ಯಾನ್ಸರ್: ಪಿಡಿ-ಎಲ್1 ನೆಗೆಟಿವ್ ಬಂದಿದೆ, ಇಮ್ಯುನೋಥೆರಪಿ ಆಸೆ ಬಿಡಬೇಕಾ?

ಹೊಸನಗರದ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹೊಸನಗರ ತಾಲ್ಲೂಕು, ನಗರದ ಹತ್ತಿರ. ಅಪ್ಪಯ್ಯನಿಗೆ 64 ವರ್ಷ. ಎರಡು ವರ್ಷದ ಹಿಂದೆ ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ ಸಿಕ್ಕಿತು. ಘಟ್ಟದ ಕೆಳಗೆ ಆಪರೇಷನ್ ಮಾಡಿಸಿದೆವು, ಆಮೇಲೆ ಕೀಮೋನೂ ಆಯಿತು. ಚೆನ್ನಾಗೇ ಇದ್ದರು. ಹೋದ ಅಡಿಕೆ ಕೊಯ್ಲಿನಲ್ಲಿ ಗೊನೆಗಳ ಲೆಕ್ಕ ಬರೆದದ್ದೂ ಅವರೇ. ಈಗ ಲಿವರ್‌ನಲ್ಲಿ ಗಂಟುಗಳು ಕಾಣಿಸಿವೆ.

ಡಾಕ್ಟರು ಮತ್ತೆ ಕೀಮೋ ಶುರು ಮಾಡೋಣ ಎಂದರು. ಜೊತೆಗೆ "ಇಮ್ಯುನೋಥೆರಪಿ ಆಗುತ್ತಾ ನೋಡೋಣ, ಬಯೋಮಾರ್ಕರ್ ಟೆಸ್ಟ್ ಮಾಡಿಸಿ" ಎಂದೂ ಹೇಳಿದರು. ಓಪಿಡಿಯಲ್ಲಿ ಜನವೋ ಜನ. ಯಾವ ಟೆಸ್ಟ್ ಎಂದು ಬಿಡಿಸಿ ಕೇಳಲು ಆಗಲಿಲ್ಲ. ಅಣ್ಣ ಒಂದು ಲ್ಯಾಬಿನ ಕಲೆಕ್ಷನ್ ಸೆಂಟರ್‌ನಲ್ಲಿ ವಿಚಾರಿಸಿದ. ಇಮ್ಯುನೋಥೆರಪಿಗೆ ಪಿಡಿ-ಎಲ್1 ಟೆಸ್ಟ್ ಎಂದು ಹೇಳಿ ಅದನ್ನೇ ಮಾಡಿದರು. ರಿಪೋರ್ಟ್ ಬಂತು: 1%ಗಿಂತ ಕಡಿಮೆ, ನೆಗೆಟಿವ್. ಅವತ್ತಿಂದ ಅಪ್ಪಯ್ಯ ಸರಿಯಾಗಿ ಊಟ ಮಾಡುತ್ತಿಲ್ಲ.

ಚಿಕ್ಕಪ್ಪ ಮಾತ್ರ ಹಠ ಹಿಡಿದಿದ್ದಾರೆ. ಅವರ ಪರಿಚಯದವರೊಬ್ಬರಿಗೆ ಶ್ವಾಸಕೋಶದ ಕ್ಯಾನ್ಸರ್ ಈ ಇಂಜೆಕ್ಷನ್ನಿಂದಲೇ ಕರಗಿತಂತೆ. ಹೊಳೆ ಬದಿಯ ತೋಟ ಮಾರಿಯಾದರೂ ಕೊಡಿಸೋಣ ಅನ್ನುತ್ತಾರೆ. ಎಲೆಚುಕ್ಕಿ ರೋಗ ಬಂದು ಫಸಲು ಹೇಗಿದೆ ಅಂತ ನಿಮಗೆಲ್ಲ ಗೊತ್ತು. ಆ ತೋಟ ಒಂದೇ ಸ್ವಲ್ಪ ಚೆನ್ನಾಗಿ ಉಳಿದಿರೋದು.

ಪಿಡಿ-ಎಲ್1 ನೆಗೆಟಿವ್ ಅಂದರೆ ಮುಗಿಯಿತಾ? ಬೇರೆ ಟೆಸ್ಟ್ ಇದೆಯಾ? ಬಯಾಪ್ಸಿ ರಿಪೋರ್ಟ್‌ನಲ್ಲಿ "ಸೀಕಮ್, ಮ್ಯುಸಿನಸ್ ಅಡಿನೊಕಾರ್ಸಿನೋಮ" ಎಂದಿದೆ. ದೊಡ್ಡಪ್ಪ 47ಕ್ಕೇ ಕರುಳಿನ ಗಡ್ಡೆಯಿಂದ ಹೋದರು. ಸೋದರತ್ತೆಗೆ ಗರ್ಭಕೋಶದ ಕ್ಯಾನ್ಸರ್ ಆಗಿತ್ತು, ಈಗ ಹುಷಾರಾಗಿದ್ದಾರೆ. ಇದೆಲ್ಲ ಬೇಕೋ ಬೇಡವೋ ತಿಳಿಯದೆ ಬರೆದಿದ್ದೇನೆ.

ಮೈಕ್ರೋಟೋಮ್ ಶಿವಮೊಗ್ಗ

ತಂಗಿ, ಮೊದಲು ಒಂದು ಮಾತು. ಆ ರಿಪೋರ್ಟ್ ನೋಡಿ ಆಸೆ ಬಿಡಬೇಡಿ. ತೋಟವನ್ನೂ ಈಗಲೇ ಮಾರಬೇಡಿ. ಅಪ್ಪಯ್ಯನಿಗೆ ಬೇಕಾದ ಟೆಸ್ಟ್ ಇನ್ನೂ ಆಗೇ ಇಲ್ಲ.

ನಾನು ಪೆಥಾಲಜಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಬ್ಲಾಕ್ ಕತ್ತರಿಸುವುದು, ಸ್ಟೇನ್ ಹಾಕುವುದು ನನ್ನ ಕೆಲಸ. ರಿಪೋರ್ಟ್ ಬರೆಯೋರು ಪೆಥಾಲಜಿಸ್ಟ್, ಔಷಧಿ ಬರೆಯೋರು ಆಂಕಾಲಜಿಸ್ಟ್. ಆದರೆ ಯಾವ ಅಂಗದ ಗಡ್ಡೆಗೆ ಯಾವ ಟೆಸ್ಟ್ ಕೇಳುತ್ತಾರೆ ಅನ್ನೋದು ನನ್ನ ಕೈಯಲ್ಲೇ ದಿನಾ ಹಾದು ಹೋಗುತ್ತದೆ.

ಇಮ್ಯುನೋಥೆರಪಿ ಕ್ಯಾನ್ಸರನ್ನು ನೇರವಾಗಿ ಕೊಲ್ಲುವುದಿಲ್ಲ. ನಮ್ಮ ರಕ್ಷಣಾ ಕಣಗಳ ಮೇಲೆ ಪಿಡಿ-1 ಎಂಬ ತಡೆ ಇರುತ್ತದೆ. ಗಡ್ಡೆ ತನ್ನ ಮೈಮೇಲೆ ಪಿಡಿ-ಎಲ್1 ಬೆಳೆಸಿಕೊಂಡು ಆ ತಡೆಯನ್ನು ಒತ್ತಿ ಹಿಡಿಯುತ್ತದೆ. ಔಷಧಿ ಆ ಹಿಡಿತ ಬಿಡಿಸುತ್ತದೆ. ಈ ಬಗೆಯ ತಡೆ ತೆಗೆದು ಕ್ಯಾನ್ಸರ್‌ಗೆ ಚಿಕಿತ್ಸೆ ಮಾಡುವ ದಾರಿ ಕಂಡುಹಿಡಿದದ್ದಕ್ಕೇ 2018ರಲ್ಲಿ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ ನೊಬೆಲ್ ಬಂತು. ಹಾಗಾದರೆ ಪಿಡಿ-ಎಲ್1 ಜಾಸ್ತಿ ಇದ್ದವರಿಗೆ ಔಷಧಿ ಹಿಡಿಯಬೇಕು ಅಲ್ವಾ? ಶ್ವಾಸಕೋಶದಲ್ಲಿ ಒಂದು ಮಟ್ಟಕ್ಕೆ ಹೌದು. ಬಾಯಿ, ಗಂಟಲು, ಹೊಟ್ಟೆಯ ಕೆಲವು ಕ್ಯಾನ್ಸರ್‌ಗಳಲ್ಲೂ ನೋಡುತ್ತಾರೆ. ದೊಡ್ಡ ಕರುಳಿನಲ್ಲಿ ಪಿಡಿ-ಎಲ್1 ನೋಡಿ ಯಾರಿಗೆ ಕೊಡಬೇಕು ಎಂದು ತೀರ್ಮಾನಿಸುವುದಿಲ್ಲ. ಅಲ್ಲಿ ನೋಡಬೇಕಾದ್ದು ಎಂಎಂಆರ್ (ಡಿಎನ್‌ಎ ತಪ್ಪು ತಿದ್ದುವ ಪ್ರೋಟೀನ್‌ಗಳು ಇವೆಯಾ ಎಂದು), ಇಲ್ಲವೇ ಎಂಎಸ್‌ಐ (ತಿದ್ದದೆ ಉಳಿದ ತಪ್ಪಿನ ಗುರುತು ಡಿಎನ್‌ಎಯಲ್ಲಿ ಇದೆಯಾ ಎಂದು). ಎರಡೂ ಒಂದೇ ದೋಷವನ್ನು ಬೇರೆ ಬೇರೆ ದಾರಿಯಲ್ಲಿ ಹಿಡಿಯುವ ಟೆಸ್ಟ್‌ಗಳು.

ಕಣ ಒಡೆದು ಎರಡಾಗುವಾಗ ಡಿಎನ್‌ಎ ನಕಲಾಗುತ್ತದೆ. ನಕಲಿನಲ್ಲಿ ತಪ್ಪುಗಳು ಆಗುತ್ತಲೇ ಇರುತ್ತವೆ. ಅವನ್ನು ಹುಡುಕಿ ಸರಿಮಾಡುವ ಪ್ರೋಟೀನ್‌ಗಳಿವೆ: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ನಮ್ಮಲ್ಲಿ ಅಡಿಕೆ ಒಣಗಿದ ಮೇಲೆ ಕೂತು ಆರಿಸುತ್ತಾರಲ್ಲ, ಹಾಗೆ. ಆರಿಸುವವರೇ ಇಲ್ಲದಿದ್ದರೆ ಕೆಟ್ಟದ್ದೆಲ್ಲ ಚೀಲದೊಳಗೇ ಉಳಿಯುತ್ತದೆ. ಈ ಪ್ರೋಟೀನ್ ಕಳೆದುಹೋದ ಗಡ್ಡೆಯಲ್ಲೂ ತಪ್ಪುಗಳು ರಾಶಿ ಬೀಳುತ್ತವೆ. ತಪ್ಪು ಜಾಸ್ತಿಯಾದಷ್ಟೂ ಗಡ್ಡೆ ರಕ್ಷಣಾ ಕಣಗಳ ಕಣ್ಣಿಗೆ ಪರಕೀಯವಾಗಿ ಕಾಣುತ್ತದೆ. ತಡೆ ತೆಗೆದ ಕೂಡಲೇ ಅವು ಮೇಲೆ ಬೀಳುತ್ತವೆ.

ಇದು ಬರೀ ಊಹೆಯಲ್ಲ. 2015ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ಒಂದು ಚಿಕ್ಕ ಅಧ್ಯಯನ ಪ್ರಕಟಿಸಿದರು. ಎಂಎಂಆರ್ ಕೆಟ್ಟಿದ್ದ ಕರುಳಿನ ಕ್ಯಾನ್ಸರ್‌ನ 10 ಜನರಲ್ಲಿ 4 ಜನರ ಗಡ್ಡೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಇಂಜೆಕ್ಷನ್ನಿಗೆ ಕುಗ್ಗಿತು. ಎಂಎಂಆರ್ ಸರಿ ಇದ್ದ 18 ಜನರಲ್ಲಿ ಒಬ್ಬರಿಗೂ ಕುಗ್ಗಲಿಲ್ಲ. ಒಂದೇ ಕಾಯಿಲೆ, ಒಂದೇ ಔಷಧಿ. 2017ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎ, ಗಡ್ಡೆ ಯಾವ ಅಂಗದ್ದೇ ಇರಲಿ ಈ ದೋಷವಿದ್ದರೆ ಕೊಡಬಹುದು ಎಂದು ಒಪ್ಪಿತು. ಅಂಗ ನೋಡದೆ ಬಯೋಮಾರ್ಕರ್, ಅಂದರೆ ಗಡ್ಡೆಯಲ್ಲಿರುವ ಇಂಥ ಗುರುತು, ನೋಡಿ ಒಪ್ಪಿದ ಮೊದಲ ಕ್ಯಾನ್ಸರ್ ಔಷಧಿ ಅದು.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಬೇರೆ ಕಡೆಗೆ ಹರಡಿದ ಕರುಳಿನ ಕ್ಯಾನ್ಸರ್‌ನಲ್ಲಿ ಈ ದೋಷ ಇರುವುದು 100ಕ್ಕೆ 4-5 ಜನರಲ್ಲಿ. ಆದರೆ ನೀವು ಬೇಕೋ ಬೇಡವೋ ಎಂದು ಬರೆದ ಸಾಲುಗಳೇ ನನ್ನನ್ನು ಎಬ್ಬಿಸಿ ಕೂರಿಸಿದ್ದು. ಬಲಭಾಗದ ಕರುಳು (ಸೀಕಮ್ ಇರುವುದು ಅಲ್ಲೇ), ಮ್ಯುಸಿನಸ್ ಅಂದರೆ ಲೋಳೆ ತುಂಬಿದ ಗಡ್ಡೆ, ದೊಡ್ಡಪ್ಪನಿಗೆ ಚಿಕ್ಕ ವಯಸ್ಸಿನಲ್ಲೇ ಕರುಳಿನ ಗಡ್ಡೆ, ಅತ್ತೆಗೆ ಗರ್ಭಕೋಶ. ಈ ನಾಲ್ಕೂ ಒಂದೇ ಕಡೆ ಬೆರಳು ತೋರಿಸುತ್ತವೆ. ಈ ತಿದ್ದುವ ಪ್ರೋಟೀನ್‌ಗಳ ಜೀನ್‌ನಲ್ಲೇ ಲಿಂಚ್ ಸಿಂಡ್ರೋಮ್ ಎಂಬ ವಂಶದ ದೋಷ ಇರಬಹುದು. ಇದೆ ಎಂದು ನಾನು ಹೇಳುತ್ತಿಲ್ಲ. ಟೆಸ್ಟ್ ಮಾಡಿಸದೆ ಬಿಡಬೇಡಿ ಎನ್ನುತ್ತಿದ್ದೇನೆ.

ಮಾಡಬೇಕಾದ್ದು ಇಷ್ಟು. ಆಪರೇಷನ್ ಆದ ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ಹೋಗಿ, ಬಯಾಪ್ಸಿ ರಿಪೋರ್ಟ್‌ನ ನಂಬರ್ ಹೇಳಿ, ಗಡ್ಡೆಯ ಪ್ಯಾರಾಫಿನ್ ಬ್ಲಾಕ್ ಬೇಕು ಎಂದು ಅರ್ಜಿ ಕೊಡಿ. ಅಲ್ಲೇ ಟೆಸ್ಟ್ ಮಾಡುವುದಾದರೆ ಇನ್ನೂ ಒಳ್ಳೆಯದು, ಬ್ಲಾಕ್ ಓಡಾಡುವುದು ಬೇಡ. ಕೇಳಬೇಕಾದ ಹೆಸರು: ಎಂಎಂಆರ್ ಐಎಚ್‌ಸಿ (ಸ್ಟೇನ್ ಹಾಕಿ ಪ್ರೋಟೀನ್ ಇದೆಯಾ ನೋಡುವ ಟೆಸ್ಟ್), ನಾಲ್ಕೂ ಪ್ರೋಟೀನ್. ಕೆಲವು ಕಡೆ ಎರಡೇ ಮಾಡುತ್ತಾರೆ, ನಾಲ್ಕು ಎಂದು ಒತ್ತಿ ಹೇಳಿ. ಕೆಲವು ಸಾವಿರ ರೂಪಾಯಿಯಲ್ಲಿ ಆಗುತ್ತದೆ. ಹೊಸದಾಗಿ ಬಯಾಪ್ಸಿ ಚುಚ್ಚಿಸಿಕೊಳ್ಳುವುದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಎರಡು ವರ್ಷದ ಬ್ಲಾಕ್ ಇದಕ್ಕೆ ಏನೂ ಹಳೆಯದಲ್ಲ.

ಬ್ಲಾಕ್ ಅಂದರೆ ಹೆಬ್ಬೆರಳಗಲದ ಪ್ಲಾಸ್ಟಿಕ್ ಕ್ಯಾಸೆಟ್, ಮೇಲೆ ಬಿಳಿ ಮೇಣ, ಮೇಣದೊಳಗೆ ಬೂದು ಬಣ್ಣದ ಚೂರು. ಓರೆಯಾದ ಅಂಚಿನಲ್ಲಿ ನಂಬರ್ ಬರೆದಿರುತ್ತಾರೆ. ಅದು ರಿಪೋರ್ಟ್‌ನ ನಂಬರಿಗೆ ತಾಳೆಯಾಗುತ್ತದಾ ಎಂದು ಅಲ್ಲೇ ನಿಂತು ನೋಡಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ, ಮೇಣ ಮೆತ್ತಗಾಗುತ್ತದೆ. ಕೆಲಸ ಮುಗಿದ ಮೇಲೆ ಬ್ಲಾಕ್ ವಾಪಸ್ ಕೇಳಿ ಇಸಕೊಳ್ಳಿ. ಮುಂದೆ ಇನ್ನೊಂದು ಟೆಸ್ಟ್ ಬೇಕಾದರೆ ಅದೇ ಆಧಾರ.

ಆ ಕಲೆಕ್ಷನ್ ಸೆಂಟರ್ ಬಗ್ಗೆ ಬೇಸರವಾಯಿತು. ಯಾವ ಅಂಗ ಎಂದು ಒಂದು ಮಾತು ಕೇಳಿದ್ದರೆ ಅಪ್ಪಯ್ಯನ ಊಟ ತಪ್ಪುತ್ತಿರಲಿಲ್ಲ.

ಸಾಗರದ ಮೇಷ್ಟ್ರು

ಶ್ವಾಸಕೋಶದ ಮಾತು ಬಂದದ್ದರಿಂದ ನಮ್ಮ ಮನೆಯದ್ದು ಹೇಳುತ್ತೇನಮ್ಮ. ನಿಮ್ಮ ಚಿಕ್ಕಪ್ಪನವರಿಗೂ ಓದಿ ಹೇಳಿ.

ನನ್ನ ಹೆಂಡತಿ ಬೀಡಿ ಸಿಗರೇಟು ಮುಟ್ಟಿದವಳಲ್ಲ. ಕೆಮ್ಮು ಎಂದು ತೋರಿಸಿದಾಗ ಶ್ವಾಸಕೋಶದ ಅಡಿನೊಕಾರ್ಸಿನೋಮ ಎಂದರು. ಮೊದಲು ಬಂದ ರಿಪೋರ್ಟ್ ಪಿಡಿ-ಎಲ್1, 80%. ಮಕ್ಕಳೆಲ್ಲ ಇಂಟರ್ನೆಟ್‌ನಲ್ಲಿ ಓದಿ ಖುಷಿಪಟ್ಟರು. 50% ದಾಟಿದರೆ ಇಮ್ಯುನೋಥೆರಪಿ ಒಂದೇ ಸಾಕು ಅಂತ ಇದೆಯಂತೆ, ನಾಳೆಯೇ ಶುರು ಮಾಡಿಸೋಣ ಎಂದರು. ಡಾಕ್ಟರು ತಡೆದರು. ಇಜಿಎಫ್‌ಆರ್ ಎಂಬ ಜೀನ್‌ನಲ್ಲಿ ಮ್ಯುಟೇಷನ್ (ಬದಲಾವಣೆ) ಇದೆಯಾ ಎಂಬ ರಿಪೋರ್ಟ್ ಬರುವವರೆಗೆ ಒಂದು ಹೆಜ್ಜೆಯೂ ಮುಂದಿಡುವುದಿಲ್ಲ ಎಂದರು. ಆ ಕೆಲವು ದಿನ ಮನೆಯಲ್ಲಿ ಡಾಕ್ಟರ ಮೇಲೇ ಸಿಟ್ಟು.

ಇಜಿಎಫ್‌ಆರ್ ಪಾಸಿಟಿವ್ ಬಂತು. ಆಮೇಲೆ ಅವರು ಕೂರಿಸಿಕೊಂಡು ವಿವರಿಸಿದರು. ಈ ಮ್ಯುಟೇಷನ್ ಇದ್ದವರಲ್ಲಿ ಪಿಡಿ-ಎಲ್1 ಎಷ್ಟೇ ಇರಲಿ, ಇಮ್ಯುನೋಥೆರಪಿ ಒಂದನ್ನೇ ಕೊಟ್ಟರೆ ಹಿಡಿಯುವುದು ಬಹಳ ಕಡಿಮೆ. ಅಮೆರಿಕದಲ್ಲಿ ಇಂಥವರಿಗೇ ಎಂದು ಶುರುಮಾಡಿದ ಒಂದು ಅಧ್ಯಯನವನ್ನು 11 ಜನರಿಗೇ ನಿಲ್ಲಿಸಿದರಂತೆ, ಮ್ಯುಟೇಷನ್ ಇದ್ದ ಯಾರಿಗೂ ಗಡ್ಡೆ ಕುಗ್ಗಲಿಲ್ಲವೆಂದು. ಇನ್ನೊಂದು ಅಪಾಯವೂ ಇದೆ. ಆ ಇಂಜೆಕ್ಷನ್ ಮೊದಲು ಕೊಟ್ಟು, ಬೆನ್ನಿಗೇ ಈ ಮ್ಯುಟೇಷನ್‌ಗೆಂದೇ ಇರುವ ಒಸಿಮರ್ಟಿನಿಬ್ ಮಾತ್ರೆ ಕೊಟ್ಟರೆ ಕೆಲವರಿಗೆ ಶ್ವಾಸಕೋಶದಲ್ಲಿ ಜೋರಾಗಿ ಉರಿಯೂತ ಆಗುತ್ತದೆ. ಅವಳಿಗೆ ನೇರವಾಗಿ ಮಾತ್ರೆಯನ್ನೇ ಶುರು ಮಾಡಿದರು. ಈಗ ಬೆಳಗ್ಗೆ ಹೂ ಕೊಯ್ಯಲು ಅವಳೇ ಹೋಗುತ್ತಾಳೆ.

ಒಳ್ಳೆಯ ನಂಬರ್ ಬಂದರೂ ಅದೊಂದನ್ನೇ ನೋಡಿ ಓಡಬೇಡಿ. ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಮೊದಲು ಅಂಗ ಯಾವುದು, ಆಮೇಲೆ ಟೆಸ್ಟ್ ಯಾವುದು.

ತೀರ್ಥಹಳ್ಳಿ ಹೊಳೆಬದಿ

ನಮ್ಮ ಭಾವನಿಗೆ ಬಾಯಿ ಕ್ಯಾನ್ಸರ್. ಕವಳ ಹಾಕಿ ಹಾಕಿ ಆಗಿದ್ದು. ಅವರಿಗೆ ನಿವೊಲುಮ್ಯಾಬ್ ಎಂಬ ಇಮ್ಯುನೋಥೆರಪಿ ಇಂಜೆಕ್ಷನ್ ಬಹಳ ಕಡಿಮೆ ಡೋಸಿನಲ್ಲಿ ಕೊಡುತ್ತಿದ್ದಾರೆ, ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ, ಜೊತೆಗೆ ಮಾತ್ರೆಗಳು. ಪಿಡಿ-ಎಲ್1 ಟೆಸ್ಟನ್ನೇ ಮಾಡಿಸಲಿಲ್ಲ. ಖರ್ಚೂ ನಾವು ಹೆದರಿದಷ್ಟು ಬರಲಿಲ್ಲ. ಅಕ್ಕಾ, ನಿಮ್ಮ ಅಪ್ಪಯ್ಯನಿಗೂ ಹಾಗೇ ಕಡಿಮೆ ಡೋಸಿನಲ್ಲಿ ಕೊಡಿಸಿ ನೋಡಬಹುದಲ್ವಾ? ಟೆಸ್ಟ್ ಗಿಸ್ಟ್ ಎಂದು ದಿನ ಕಳೆಯುವುದು ಯಾಕೆ?

ಮೈಕ್ರೋಟೋಮ್ ಶಿವಮೊಗ್ಗ

ಭಾವನವರಿಗೆ ಗುಣ ಕಾಣಲಿ. ಆದರೆ ಆ ದಾರಿಯನ್ನು ಕರುಳಿಗೆ ತರಬೇಡಿ ಮಾರಾಯ್ರೆ.

ನೀವು ಹೇಳಿದ ಕಡಿಮೆ ಡೋಸ್ ನಮ್ಮ ದೇಶದ್ದೇ ಸಾಧನೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಗುಣವಾಗುವ ಹಂತ ದಾಟಿದ ತಲೆ ಮತ್ತು ಕುತ್ತಿಗೆ ಕ್ಯಾನ್ಸರ್‌ನ 151 ಜನರ ಮೇಲೆ ಮಾಡಿದ ಅಧ್ಯಯನ ಅದು. ಬರೀ ಮಾತ್ರೆ ತೆಗೆದುಕೊಂಡವರಲ್ಲಿ ಒಂದು ವರ್ಷ ಬದುಕಿದ್ದವರು 16.3%. 20 ಮಿಲಿಗ್ರಾಂ ನಿವೊಲುಮ್ಯಾಬ್ ಸೇರಿಸಿದಾಗ 43.4%. ಮಾಮೂಲಿ ಡೋಸ್ ಎರಡು ವಾರಕ್ಕೆ 240 ಮಿಲಿಗ್ರಾಂ. ಎಷ್ಟು ಜನ ಬಡವರಿಗೆ ಬಾಗಿಲು ತೆರೆಯಿತು ಎಂದು ಯೋಚಿಸಿ. ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ಆದರೆ ಅದು ಬಾಯಿ, ಗಂಟಲಿನ ಲೆಕ್ಕ. ಕರುಳಿನಲ್ಲಿ ಎಂಎಂಆರ್ ಸರಿ ಇದ್ದರೆ ಪೂರ್ತಿ ಡೋಸ್ ಕೊಟ್ಟರೂ ಗಡ್ಡೆ ಜಗ್ಗುವುದಿಲ್ಲ, ಮೇಲೆ 18ರಲ್ಲಿ ಸೊನ್ನೆ ಎಂದು ಬರೆದೆನಲ್ಲ. ಆಗ ದುಡ್ಡು ಹೋಗುವುದರ ಜೊತೆಗೆ ಕೀಮೋಗೆ ಇದ್ದ ಸಮಯವೂ ಹೋಗುತ್ತದೆ. ಟೆಸ್ಟ್‌ಗೆ ಸಾಮಾನ್ಯವಾಗಿ ಒಂದು ವಾರದ ಆಚೀಚೆ ಸಾಕು. ಅಷ್ಟು ಕಾಯುವುದರಲ್ಲಿ ನಷ್ಟವಿದೆ ಎಂದು ಆಂಕಾಲಜಿಸ್ಟ್‌ಗೆ ಅನ್ನಿಸಿದರೆ ಕೀಮೋ ಶುರು ಮಾಡುತ್ತಾರೆ, ರಿಪೋರ್ಟ್ ಬಂದ ಮೇಲೆ ಬದಲಾಯಿಸಬಹುದು.

ಹೊಸನಗರದ ಮಗಳು

ಎಲ್ಲರಿಗೂ ಉಪಕಾರವಾಯಿತು. ಆಪರೇಷನ್ ಆದ ಆಸ್ಪತ್ರೆಯಲ್ಲೇ ನಾಲ್ಕೂ ಮಾಡಿಕೊಟ್ಟರು. ರಿಪೋರ್ಟ್ ಹೀಗಿದೆ: ಎಂಎಲ್‌ಎಚ್1 ಇದೆ, ಪಿಎಂಎಸ್2 ಇದೆ. ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6 "ಲಾಸ್ ಆಫ್ ನ್ಯೂಕ್ಲಿಯರ್ ಎಕ್ಸ್‌ಪ್ರೆಷನ್". ಕೆಳಗೆ "ಇಂಟರ್ನಲ್ ಕಂಟ್ರೋಲ್ ಪಾಸಿಟಿವ್" ಎಂದಿದೆ. ಲಾಸ್ ಎಂದು ಓದಿ ಅಮ್ಮ ಅಳುತ್ತಾ ಕೂತಿದ್ದಾರೆ. ಡಾಕ್ಟರು ಸಿಗೋದು ಸೋಮವಾರ. ಅಲ್ಲಿಯವರೆಗೆ ಅಮ್ಮನಿಗೆ ಏನಂತ ಹೇಳಲಿ ಅಣ್ಣಾ?

ಮೈಕ್ರೋಟೋಮ್ ಶಿವಮೊಗ್ಗ

ಅಮ್ಮನಿಗೆ ಹೇಳಿ, ಇದು ನಾವು ಹುಡುಕುತ್ತಿದ್ದ ರಿಪೋರ್ಟೇ ಎಂದು.

ಆ ಸ್ಲೈಡ್‌ನಲ್ಲಿ ಏನು ಕಂಡಿರುತ್ತದೆ ಎಂದು ಹೇಳುತ್ತೇನೆ. ಬ್ಲಾಕನ್ನು ನಾಲ್ಕು ಮೈಕ್ರಾನ್ ತೆಳುವಾಗಿ ಕತ್ತರಿಸುತ್ತೇವೆ. ಬೆಚ್ಚಗಿನ ನೀರಿನ ಮೇಲೆ ಮೇಣದ ಪಟ್ಟಿ ತೇಲುತ್ತದೆ, ಅದನ್ನು ಗಾಜಿನ ಸ್ಲೈಡ್ ಮೇಲೆ ಎತ್ತಿಕೊಳ್ಳುತ್ತೇವೆ. ಆಮೇಲೆ ಪ್ರತಿಯೊಂದು ಪ್ರೋಟೀನಿಗೂ ಬೇರೆ ಬೇರೆ ಸ್ಲೈಡ್‌ಗೆ ಆಂಟಿಬಾಡಿ. ಪ್ರೋಟೀನ್ ಇದ್ದರೆ ಕಣದ ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ತಿರುಗುತ್ತದೆ, ಇಲ್ಲದಿದ್ದರೆ ನೀಲಿಯಾಗೇ ಉಳಿಯುತ್ತದೆ. ಅಪ್ಪಯ್ಯನ ಎಂಎಸ್‌ಎಚ್2 ಸ್ಲೈಡ್‌ನಲ್ಲಿ ಗಡ್ಡೆಯ ಕಣಗಳೆಲ್ಲ ನೀಲಿ. ಅದರ ಪಕ್ಕದಲ್ಲೇ ಇರುವ ಲಿಂಫೊಸೈಟ್‌ಗಳು (ರಕ್ಷಣಾ ಕಣಗಳು), ಒಳ್ಳೆಯ ಕರುಳಿನ ಕಣಗಳು ಕಂದು. ಇಂಟರ್ನಲ್ ಕಂಟ್ರೋಲ್ ಪಾಸಿಟಿವ್ ಎಂದರೆ ಇದೇ. ಸ್ಟೇನ್ ಕೆಲಸ ಮಾಡಿದೆ, ಗಡ್ಡೆಯಲ್ಲಿ ಮಾತ್ರ ಪ್ರೋಟೀನ್ ಇಲ್ಲ. ಆ ಸಾಲು ಇಲ್ಲದ ರಿಪೋರ್ಟನ್ನು ನಾನಾದರೆ ನಂಬುವುದಿಲ್ಲ. ಎಂಎಸ್‌ಎಚ್6ಗೆ ನಿಲ್ಲಲು ಎಂಎಸ್‌ಎಚ್2 ಆಸರೆ ಬೇಕು. ಅದಕ್ಕೇ ಎರಡೂ ಒಟ್ಟಿಗೇ ಹೋಗಿವೆ.

ಇನ್ನು ಔಷಧಿ ಎಷ್ಟು ಹಿಡಿಯುತ್ತದೆ? ಈ ದೋಷವಿರುವ, ಹರಡಿದ ಕರುಳಿನ ಕ್ಯಾನ್ಸರ್‌ನ 307 ಜನರಲ್ಲಿ ಪೆಂಬ್ರೊಲಿಜುಮ್ಯಾಬ್ ಮತ್ತು ಕೀಮೋ ಹೋಲಿಸಿ ನೋಡಿದ್ದಾರೆ. ಕೀನೋಟ್-177 ಎಂಬ ಅಧ್ಯಯನ, 2020ರಲ್ಲಿ ಬಂದದ್ದು. ಕಾಯಿಲೆ ಮುಂದುವರಿಯದೆ ನಿಂತ ಅವಧಿ (ಅರ್ಧ ಜನರಿಗೆ ಇದಕ್ಕಿಂತ ಹೆಚ್ಚು, ಅರ್ಧ ಜನರಿಗೆ ಕಡಿಮೆ) ಕೀಮೋದಲ್ಲಿ 8.2 ತಿಂಗಳು, ಇದರಲ್ಲಿ 16.5 ತಿಂಗಳು. ಗಡ್ಡೆ ಕುಗ್ಗಿದ್ದು 100ಕ್ಕೆ ಸುಮಾರು 44 ಜನರಿಗೆ. ಕುಗ್ಗಿದವರಲ್ಲಿ ಬಹಳ ಜನರಿಗೆ ವರ್ಷಗಟ್ಟಲೆ ಹಾಗೇ ನಿಂತಿತು.

ಇನ್ನೊಂದು ಸಂಖ್ಯೆಯನ್ನೂ ಮುಚ್ಚಿಡುವುದಿಲ್ಲ. ಅದೇ ಅಧ್ಯಯನದಲ್ಲಿ 100ಕ್ಕೆ 29 ಜನರಿಗೆ ಇಂಜೆಕ್ಷನ್ ಕೊಟ್ಟರೂ ಗಡ್ಡೆ ಬೆಳೆಯುತ್ತಲೇ ಹೋಯಿತು. ಕೀಮೋದಲ್ಲಿ ಹಾಗಾದದ್ದು 12 ಜನರಿಗೆ. ಬಯೋಮಾರ್ಕರ್ ಸರಿಯಾಗಿದ್ದರೂ ಯಾರಿಗೆ ಹಿಡಿಯುತ್ತದೆ, ಯಾರಿಗಿಲ್ಲ ಎಂದು ಪೂರ್ತಿ ಬಿಡಿಸಿ ಹೇಳುವ ಟೆಸ್ಟ್ ಇವತ್ತಿಗೂ ಇಲ್ಲ. ನಿವೊಲುಮ್ಯಾಬ್ ಜೊತೆ ಇಪಿಲಿಮುಮ್ಯಾಬ್ ಎಂಬ ಇನ್ನೊಂದು ಇಮ್ಯುನೋಥೆರಪಿ ಸೇರಿಸಿ ಕೊಟ್ಟ 2024ರ ಅಧ್ಯಯನದಲ್ಲಿ, ಎರಡು ವರ್ಷವಾದರೂ ಕಾಯಿಲೆ ಮುಂದುವರಿಯದವರು 72%, ಕೀಮೋದಲ್ಲಿ 14%. ಎರಡು ಔಷಧಿ ಎಂದರೆ ಖರ್ಚೂ ಅಡ್ಡಪರಿಣಾಮವೂ ಜಾಸ್ತಿ. ಯಾವುದು ಎಂದು ಸೋಮವಾರ ಡಾಕ್ಟರ ಹತ್ತಿರವೇ ಕೇಳಿ.

ಅದಕ್ಕೇ ತೋಟದ ಮಾತು. ಎರಡು ವರ್ಷದ ಔಷಧಿಯ ಲೆಕ್ಕ ಹಾಕಿ ಮೊದಲ ದಿನವೇ ಮಾರಬೇಡಿ. ಎರಡು ಮೂರು ತಿಂಗಳಿಗೆ ಮೊದಲ ಸ್ಕ್ಯಾನ್ ಮಾಡುತ್ತಾರೆ. ಅಲ್ಲಿಯವರೆಗಿನ ದುಡ್ಡು ಮಾತ್ರ ಹೊಂದಿಸಿ. ಅಡಿಕೆ ಮೇಲೆ ಸೊಸೈಟಿಯಲ್ಲಿ ಸಾಲ ಸಿಕ್ಕರೆ ನೋಡಿ. ಔಷಧಿ ಕಂಪನಿಗಳ ನೆರವಿನ ಸ್ಕೀಮ್ ಇದೆಯಾ ಎಂದು ಆಸ್ಪತ್ರೆಯಲ್ಲೇ ಕೇಳಿ. ಮೊದಲ ಸ್ಕ್ಯಾನ್ ನೋಡಿ ಮುಂದಿನ ಹೆಜ್ಜೆ. ಚಿಕ್ಕಪ್ಪನವರ ಪ್ರೀತಿ ದೊಡ್ಡದು. ಅವರನ್ನೂ ಸೋಮವಾರ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ.

ಕೊಪ್ಪದ ಸಿಸ್ಟರ್

ಡೇ ಕೇರ್ ವಾರ್ಡ್‌ನಲ್ಲಿ ನರ್ಸ್ ಆಗಿದ್ದವಳು ನಾನು. ಒಂದೇ ಮಾತು ಸೇರಿಸುತ್ತೇನೆ.

ಇಂಜೆಕ್ಷನ್ ಶುರುವಾದ ಮೇಲೆ ಭೇದಿ ಹಿಡಿದರೆ ಮಜ್ಜಿಗೆಯನ್ನ, ಓಂಕಾಳು ಕಷಾಯ ಎಂದು ಮನೆಯಲ್ಲಿ ನೋಡುತ್ತಾ ಕೂರಬೇಡಿ. ತಡೆ ತೆಗೆದ ರಕ್ಷಣಾ ಕಣಗಳು ಒಳ್ಳೆಯ ಕರುಳಿನ ಮೇಲೂ ಬೀಳಬಹುದು. ಬೇಗ ಹೇಳಿದರೆ ಸ್ಟೀರಾಯ್ಡ್ ಕೊಟ್ಟು ಹತೋಟಿಗೆ ತರುತ್ತಾರೆ. ಹೊಸದಾಗಿ ಕೆಮ್ಮು, ಏದುಸಿರು, ಕಣ್ಣು ಹಳದಿ, ತಡೆಯಲಾರದ ಸುಸ್ತು ಬಂದರೂ ಅದೇ ದಿನ ಫೋನ್ ಮಾಡಿ. ಥೈರಾಯ್ಡ್ ಏರುಪೇರಾಗುವುದು ಸಾಮಾನ್ಯ, ಅದಕ್ಕೆ ಮಾತ್ರೆ ಇದೆ. ಕೊನೆಯ ಇಂಜೆಕ್ಷನ್ ಆಗಿ ತಿಂಗಳುಗಳಾದ ಮೇಲೂ ಇದು ಬರಬಹುದು. ಮಳೆಗಾಲದಲ್ಲಿ ಹುಲಿಕಲ್ ಘಾಟಿ ಕುಸಿದರೆ ನೀವು ಕೆಳಗಿಳಿಯುವುದು ಕಷ್ಟ. ಹತ್ತಿರದಲ್ಲಿ ತೋರಿಸುವ ಡಾಕ್ಟರಿಗೆ "ಇಮ್ಯುನೋಥೆರಪಿ ಆಗುತ್ತಿದೆ" ಎಂದು ಬರೆದ ಚೀಟಿ ಅಪ್ಪಯ್ಯನ ಜೇಬಿನಲ್ಲಿ ಯಾವಾಗಲೂ ಇರಲಿ.

ಹೊಸನಗರದ ಮಗಳು

ಸೋಮವಾರ ಚಿಕ್ಕಪ್ಪನೂ ಬಂದಿದ್ದರು. ಪೆಂಬ್ರೊಲಿಜುಮ್ಯಾಬ್ ಶುರು ಮಾಡೋಣ ಎಂದಿದ್ದಾರೆ. ಅಪ್ಪಯ್ಯ ವಾಪಸ್ ಬರುವಾಗ ಮಾಸ್ತಿಕಟ್ಟೆಯಲ್ಲಿ ಗಾಡಿ ನಿಲ್ಲಿಸಿ ಕಾಫಿ ಕೇಳಿ ಕುಡಿದರು.

ಡಾಕ್ಟರು ನನಗೂ ಅಣ್ಣನಿಗೂ ರಕ್ತ ಪರೀಕ್ಷೆ ಆಗಬೇಕಾಗಬಹುದು ಎಂದರು. ಅಣ್ಣನಿಗೆ 38, ನನಗೆ 34. ಇಬ್ಬರೂ ಒಟ್ಟಿಗೇ ಈಗಲೇ ಕೊಟ್ಟುಬಿಡಬಹುದಾ?

ಮೈಕ್ರೋಟೋಮ್ ಶಿವಮೊಗ್ಗ

ಕಾಫಿ ಸುದ್ದಿ ಕೇಳಿ ಬಹಳ ಸಂತೋಷವಾಯಿತು.

ಮೊದಲು ಅಪ್ಪಯ್ಯನ ರಕ್ತ ಹೋಗಲಿ. ಕಾಯಿಲೆ ಬಂದವರಲ್ಲಿ ಯಾವ ಜೀನ್‌ನ ಯಾವ ಜಾಗದಲ್ಲಿ ದೋಷವಿದೆ ಎಂದು ಸಿಕ್ಕರೆ, ನೀವಿಬ್ಬರೂ ಅದೊಂದನ್ನೇ ನೋಡಿಸಿದರೆ ಸಾಕು. ಖರ್ಚೂ ಕಡಿಮೆ, ಉತ್ತರವೂ ಸ್ಪಷ್ಟ. ಅಪ್ಪಯ್ಯನದ್ದು ನೋಡದೆ ನಿಮ್ಮದು ನೆಗೆಟಿವ್ ಬಂದರೆ ಅದನ್ನು ನಂಬುವುದೋ ಬಿಡುವುದೋ ತಿಳಿಯುವುದಿಲ್ಲ. ಎಂಎಸ್‌ಎಚ್2 ಜೊತೆ ಅದರ ಪಕ್ಕದ ಎಪ್‌ಕ್ಯಾಮ್ ಜೀನನ್ನೂ ನೋಡುತ್ತಾರಾ ಎಂದು ಕೇಳಿ. ಎಪ್‌ಕ್ಯಾಮ್‌ನ ತುದಿ ಕಳಚಿಹೋಗಿದ್ದರೂ ಎಂಎಸ್‌ಎಚ್2 ಕೆಲಸ ನಿಲ್ಲಿಸುತ್ತದೆ.

ಲಿಂಚ್ ಎಂದೇ ಆದರೆ ನಿಮ್ಮಿಬ್ಬರಲ್ಲಿ ಒಬ್ಬೊಬ್ಬರಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಂದಿದ್ದರೆ ಒಂದೆರಡು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ. ಗಡ್ಡೆಯಾಗುವ ಮುಂಚಿನ ಪಾಲಿಪ್‌ಗಳನ್ನು ಅಲ್ಲೇ ತೆಗೆಯುತ್ತಾರೆ. ನಿಮಗೆ ಗರ್ಭಕೋಶದ ಬಗ್ಗೆಯೂ ಸ್ತ್ರೀರೋಗ ತಜ್ಞರ ಹತ್ತಿರ ಮಾತಾಡಬೇಕಾಗುತ್ತದೆ. ಬಂದಿಲ್ಲದಿದ್ದರೆ ಎಲ್ಲರಂತೆ ಇದ್ದರಾಯಿತು, ನಿಮ್ಮ ಮಕ್ಕಳಿಗೂ ನಿಮ್ಮಿಂದ ಅದು ಹೋಗುವುದಿಲ್ಲ.

ದೊಡ್ಡಪ್ಪನ ಮಕ್ಕಳಿಗೂ ಅತ್ತೆಯ ಮಕ್ಕಳಿಗೂ ಈ ವಿಷಯ ತಿಳಿಸಬೇಕು. ಅತ್ತೆ ಇದ್ದಾರಲ್ಲ, ಅವರ ಗರ್ಭಕೋಶದ ಬ್ಲಾಕ್ ಯಾವ ಆಸ್ಪತ್ರೆಯಲ್ಲಿದೆ ಎಂದು ವಿಚಾರಿಸಿ. ಹಳೆಯ ರಿಪೋರ್ಟ್ ಟ್ರಂಕಿನಲ್ಲೋ ದೇವರ ಮನೆಯ ಕಪಾಟಿನಲ್ಲೋ ಇದ್ದೇ ಇರುತ್ತದೆ. ನಂಬರ್ ಸಿಕ್ಕರೆ ಇಲ್ಲಿ ಹಾಕಬೇಡಿ, ನೇರವಾಗಿ ಆ ಪೆಥಾಲಜಿ ವಿಭಾಗಕ್ಕೆ ಕೊಡಿ.